ಪಾಸಿಟಿವ್ ಬಂದ ಮೇಷ್ಟ್ರು, ನೆಗೆಟಿವ್ ಬಂದ ಪತ್ನಿ: ಒಂದು ರಕ್ತ ಪರೀಕ್ಷೆಯ ಪ್ರಕರಣ

ಇದು ಒಂದೇ ಮನೆಯ ಇಬ್ಬರ ಪ್ರಕರಣ. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಒಂದೇ ಬೆಳಗ್ಗೆ ತೆಗೆದು, ಒಂದೇ ಪ್ರಯೋಗಾಲಯಕ್ಕೆ ಕಳುಹಿಸಿ, ಒಂದೇ ಬಗೆಯ ಪರೀಕ್ಷೆ ಮಾಡಿಸಲಾಗಿತ್ತು. ಗಂಡನ ವರದಿಯಲ್ಲಿ ‘ಕ್ಯಾನ್ಸರ್ ಸಂಕೇತ ಕಂಡುಬಂದಿದೆ’ ಎಂದಿತ್ತು, ಹೆಂಡತಿಯದರಲ್ಲಿ ‘ಕಂಡುಬಂದಿಲ್ಲ’ ಎಂದು. ವರ್ಷ ತುಂಬುವುದರೊಳಗೆ ಇಬ್ಬರಿಗೂ ಕ್ಯಾನ್ಸರ್ ಇರುವುದು ಖಚಿತವಾಯಿತು. ಆದರೆ ಚಿಕಿತ್ಸೆ ಬೇಕಾದದ್ದು ನೆಗೆಟಿವ್ ಬಂದವರಿಗೆ. ಪಾಸಿಟಿವ್ ಬಂದವರು ಇಂದಿಗೂ ಕ್ಯಾನ್ಸರ್‌ಗೆ ಯಾವ ಔಷಧಿಯೂ ಇಲ್ಲದೆ ಆರಾಮವಾಗಿದ್ದಾರೆ.

ವೈದ್ಯ ವೃತ್ತಿಯಲ್ಲಿರುವ ನಾನು ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಊರು, ವಯಸ್ಸು, ಉದ್ಯೋಗಗಳನ್ನು ತುಸು ಬದಲಿಸಿದ್ದೇನೆ. ಪರೀಕ್ಷೆ ನಡೆಸಿದ ಸಂಸ್ಥೆಯ ಹೆಸರು ಇಲ್ಲಿಲ್ಲ. ಅದನ್ನು ಮುಚ್ಚಿಡಬೇಕಾದ ತಪ್ಪೇನನ್ನೂ ಆ ಸಂಸ್ಥೆ ಮಾಡಿಲ್ಲ, ಪರೀಕ್ಷೆ ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಂಡಿತು. ಆ ಸ್ವಭಾವವನ್ನು ವರದಿ ಕೈಗೆ ಬರುವ ಮೊದಲೇ ಯಾರೂ ಕೇಳಿ ತಿಳಿದುಕೊಂಡಿರಲಿಲ್ಲ, ಅಷ್ಟೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಗಂಡ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅರವತ್ತೈದು ದಾಟಿದವರು. ಊರಿನಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರನ್ನು ಮೇಷ್ಟ್ರು ಎನ್ನುತ್ತೇನೆ. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದರ ಅಭ್ಯಾಸವೂ ಇಲ್ಲ. ಬಾಲ್ಯವಿಡೀ ಸೌದೆ ಒಲೆಯ ಹೊಗೆ ಸುತ್ತುವ ಮನೆಯಲ್ಲಿ ಕಳೆದಿತ್ತು ಎಂಬ ವಿವರ ಆಗ ಯಾರಿಗೂ ಮುಖ್ಯವೆನಿಸಿರಲಿಲ್ಲ. ಪತ್ನಿ ಅರವತ್ತರ ಆಸುಪಾಸಿನವರು. ಅವರ ಅಕ್ಕನಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಆ ಕಾರಣಕ್ಕೆ ಇವರು ತಪ್ಪದೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಇದು ಅಪರೂಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಅಮೆರಿಕದಲ್ಲಿರುವ ಮಗಳ ಸಹೋದ್ಯೋಗಿಯೊಬ್ಬರ ತಂದೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಗೊತ್ತಾದಾಗಲೇ ಕಾಯಿಲೆ ನಾಲ್ಕನೆಯ ಹಂತದಲ್ಲಿತ್ತಂತೆ. ಆ ಸುದ್ದಿ ಮಗಳ ನಿದ್ದೆ ಕೆಡಿಸಿತು. ಅವಳ ಆತಂಕ ಹುರುಳಿಲ್ಲದ್ದೇನೂ ಆಗಿರಲಿಲ್ಲ. ಮೇದೋಜೀರಕ ಗ್ರಂಥಿ, ಅಂಡಾಶಯ, ಪಿತ್ತಕೋಶಗಳ ಕ್ಯಾನ್ಸರ್‌ಗೆ ಆರೋಗ್ಯವಂತ ಜನರಲ್ಲಿ ಮಾಡಬಹುದಾದ ತಪಾಸಣೆ ಎಂಬುದೇ ಇಲ್ಲ. ಹೀಗಿರುವಾಗ ಒಂದೇ ರಕ್ತದ ಮಾದರಿಯಿಂದ ಹತ್ತಾರು ಬಗೆಯ ಕ್ಯಾನ್ಸರ್‌ಗಳ ಸುಳಿವು ಸಿಗುತ್ತದೆ ಎಂದರೆ ಯಾವ ಮಗಳು ಬೇಡ ಎಂದಾಳು? ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲೂ ಹಣ ಕಟ್ಟಿದಳು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು.

ರಕ್ತದಲ್ಲಿ ಹುಡುಕುವುದು ಏನನ್ನು

ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ತುಂಡುತುಂಡಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಹೀಗೆ ಕೋಶದ ಹೊರಗೆ ತೇಲುವ ಡಿಎನ್‌ಎ ಇದೆಯೆಂದು ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೆ 1948ರಲ್ಲೇ ತೋರಿಸಿದ್ದರು. ಒಂದೊಂದು ತುಂಡು ಸುಮಾರು 167 ಅಕ್ಷರಜೋಡಿಗಳಷ್ಟು ಉದ್ದ. ಆಯುಸ್ಸು ಹೆಚ್ಚೆಂದರೆ ಒಂದೆರಡು ಗಂಟೆ. ಗೆಡ್ಡೆಯೊಂದು ಬೆಳೆಯುತ್ತಿದ್ದರೆ ಅದರ ಸತ್ತ ಕೋಶಗಳ ತುಂಡುಗಳೂ ಈ ರಾಶಿಯಲ್ಲಿ ಬೆರೆತಿರುತ್ತವೆ. ಆದರೆ ಅವನ್ನು ಬೇರ್ಪಡಿಸುವುದು ಹೇಗೆ? ಲಿವರ್ ಕೋಶದಲ್ಲಿಯೂ ಶ್ವಾಸಕೋಶದ ಕೋಶದಲ್ಲಿಯೂ ಇರುವ ಡಿಎನ್‌ಎ ಬರಹ ಒಂದೇ.

ಇದನ್ನು ಮೇಷ್ಟ್ರಿಗೆ ಅವರ ಭಾಷೆಯಲ್ಲೇ ಹೇಳಿದ್ದೆ. ಎಲ್ಲ ತರಗತಿಗೂ ಒಂದೇ ಪಠ್ಯಪುಸ್ತಕ ಕೊಟ್ಟಿದ್ದಾರೆ, ಆದರೆ ‘ಈ ಪಾಠ ಬೇಡ’ ಎಂದು ಪ್ರತಿ ತರಗತಿಯ ಮೇಷ್ಟ್ರು ಬೇರೆ ಬೇರೆ ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದಾರೆ ಎಂದುಕೊಳ್ಳಿ. ಹರಿದ ಒಂದು ಹಾಳೆ ಸಿಕ್ಕರೂ ಗುರುತುಗಳನ್ನು ನೋಡಿ ಅದು ಯಾವ ತರಗತಿಯ ಪುಸ್ತಕದ್ದು ಎಂದು ಹೇಳಬಹುದು. ಡಿಎನ್‌ಎಯಲ್ಲಿ ಆ ಪೆನ್ಸಿಲ್ ಗುರುತಿನ ಕೆಲಸವನ್ನು ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಮಾಡುತ್ತದೆ. ಅದು ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ ಅಂಟಿಕೊಂಡರೆ ಆ ಭಾಗದ ಜೀನ್ ಸಾಮಾನ್ಯವಾಗಿ ಮೌನವಾಗುತ್ತದೆ. ಮನುಷ್ಯನ ಜೀನೋಮಿನಲ್ಲಿ ಹೀಗೆ ಗುರುತು ಬೀಳಬಹುದಾದ ಜಾಗಗಳು ಸುಮಾರು 2.8 ಕೋಟಿ. ಕ್ಯಾನ್ಸರ್ ಕೋಶಗಳಲ್ಲಿ ಈ ಗುರುತುಗಳು ಅಸ್ತವ್ಯಸ್ತವಾಗಿರುತ್ತವೆ. ಒಟ್ಟಾರೆ ಮೀಥೈಲ್ ಕಡಿಮೆಯಾಗಿರುತ್ತದೆ ಎಂದು ಫೈನ್‌ಬರ್ಗ್ ಮತ್ತು ವೋಗೆಲ್‌ಸ್ಟೈನ್ 1983ರಲ್ಲಿ ತೋರಿಸಿದರು. ಅದೇ ವೇಳೆ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕಬೇಕಾದ ಕೆಲವು ಜೀನ್‌ಗಳ ಮೇಲೆ ಮಾತ್ರ ಗುರುತು ಒತ್ತೊತ್ತಾಗಿ ಬಿದ್ದು ಅವು ಬಾಯಿ ಮುಚ್ಚುತ್ತವೆ ಎಂಬುದು ನಂತರ ತಿಳಿಯಿತು. ಪ್ರಯೋಗಾಲಯದಲ್ಲಿ ಬೈಸಲ್ಫೈಟ್ ಎಂಬ ರಾಸಾಯನಿಕ ಬಳಸಿದರೆ ಮೀಥೈಲ್ ಇಲ್ಲದ ಸೈಟೋಸಿನ್ ಬೇರೆ ಅಕ್ಷರವಾಗಿ ಬದಲಾಗುತ್ತದೆ, ಮೀಥೈಲ್ ಇರುವುದು ಹಾಗೆಯೇ ಉಳಿಯುತ್ತದೆ. ಆಮೇಲೆ ಅನುಕ್ರಮವನ್ನು ಓದಿದರೆ ಗುರುತು ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದು ತಿಳಿಯುತ್ತದೆ.

ಮಗಳಿಗೆ ಒಂದು ಗೊಂದಲವಿತ್ತು. ಇದು ಅಮ್ಮನಿಂದ ತನಗೆ ಬರಬಹುದಾದ ಆನುವಂಶಿಕ ದೋಷದ ಪರೀಕ್ಷೆ ಎಂದೇ ಅವಳು ತಿಳಿದಿದ್ದಳು. ಹಾಗಲ್ಲ. ಬಿಆರ್‌ಸಿಎ ಮುಂತಾದ ಜೀನ್ ಪರೀಕ್ಷೆಗಳು ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಹೇಳುತ್ತವೆ. ಈ ಪರೀಕ್ಷೆ ಕೇಳುವುದು ಈ ಹೊತ್ತು ಎಲ್ಲಿಯಾದರೂ ಗೆಡ್ಡೆಯ ಡಿಎನ್‌ಎ ಉದುರುತ್ತಿದೆಯೇ ಎಂದು.

ಇನ್ನೆರಡು ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕಥೆ ಅವುಗಳ ಮೇಲೆಯೇ ನಿಂತಿದೆ. ಒಂದು, ಆರೋಗ್ಯವಂತರ ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲಿ ಬಹುಪಾಲು ರಕ್ತಕಣಗಳ ಮೂಲದ್ದೇ. ಎರಡು, ಸಣ್ಣ ಗೆಡ್ಡೆಯಿಂದ ಉದುರುವ ಪಾಲು ಬಹಳ ಕಡಿಮೆ, ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಇರಬಹುದು. ಹತ್ತು ಮಿಲಿಲೀಟರ್ ರಕ್ತದಲ್ಲಿ ಸಿಗುವುದೇ ಕೆಲವು ಸಾವಿರ ಜೀನೋಮ್ ಪ್ರತಿಗಳಷ್ಟು ಡಿಎನ್‌ಎ. ಗೆಡ್ಡೆ ಉದುರಿಸಿದ ತುಂಡು ಆ ನಳಿಕೆಗೆ ಬಂದೇ ಇಲ್ಲವೆಂದರೆ ಎಂಥ ಯಂತ್ರವೂ ಅದನ್ನು ಓದಲಾರದು.

ವರದಿ ಬಂದ ಮೇಲೆ

ವರದಿ ಮೊದಲು ತಲುಪಿದ್ದು ಮಗಳ ಮೊಬೈಲಿಗೆ. ಮೊದಲ ಪುಟದಲ್ಲಿ ಕೆಂಪು ಚೌಕದೊಳಗೆ ಒಂದು ಸಾಲು. ಅವಳು ಅದನ್ನು ನೋಡಿದ ಅರ್ಧ ಗಂಟೆಯಲ್ಲಿ ಬೆಂಗಳೂರಿನ ಒಂದು ಕೇಂದ್ರದಲ್ಲಿ ಅಪ್ಪನಿಗೆ ಪೆಟ್–ಸಿಟಿ ಸ್ಕ್ಯಾನ್ ಕಾಯ್ದಿರಿಸಿದಳು. ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು ಹೊಳೆಯುವಂತೆ ತೋರಿಸುವ ಈ ಸ್ಕ್ಯಾನಿನಲ್ಲಿ ಇಡೀ ದೇಹವನ್ನು ಒಂದೇ ಸಲ ನೋಡಬಹುದು ಎಂಬುದು ಅವಳ ಲೆಕ್ಕ. ದೂರದಲ್ಲಿರುವ ಮಕ್ಕಳು ಹೀಗೆಯೇ ಮಾಡುತ್ತಾರೆ, ಕೈಗೆ ಎಟುಕುವುದು ಅದೊಂದೇ.

ಸ್ಕ್ಯಾನಿನಲ್ಲಿ ಎದೆಯ ನಡುವಿನ ಎರಡು ದುಗ್ಧಗ್ರಂಥಿಗಳು ಹೊಳೆದವು. ಉಳಿದೆಲ್ಲ ಕಡೆ ಏನೂ ಇಲ್ಲ. ಕೆಂಪು ಚೌಕ ಒಂದು ಕಡೆ, ಹೊಳೆಯುವ ಗ್ರಂಥಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಿದರೆ ಶ್ವಾಸಕೋಶದ ಕ್ಯಾನ್ಸರ್ ಹರಡಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟರು. ಆಸ್ಪತ್ರೆಯಲ್ಲಿ ಶ್ವಾಸನಾಳದೊಳಗೆ ಕೊಳವೆ ಇಳಿಸಿ, ಅಲ್ಟ್ರಾಸೌಂಡ್ ನೆರವಿನಿಂದ ಗ್ರಂಥಿಗೆ ಸೂಜಿ ಚುಚ್ಚಿ ಮಾದರಿ ತೆಗೆದರು. ಅದರಲ್ಲಿ ಸಿಕ್ಕಿದ್ದು ಇಂಗಾಲದ ಕಪ್ಪು ಕಣಗಳು ಮಾತ್ರ. ಕ್ಯಾನ್ಸರ್ ಇಲ್ಲ, ಕ್ಷಯವೂ ಇಲ್ಲ. ಬಾಲ್ಯದ ಸೌದೆ ಒಲೆಯ ಹೊಗೆ ಅರವತ್ತು ವರ್ಷಗಳ ನಂತರ ಪೆಟ್ ಸ್ಕ್ಯಾನಿನಲ್ಲಿ ಹೊಳೆದಿತ್ತು. ಹಳೆಯ ಹೊಗೆ, ಹಳೆಯ ಕ್ಷಯದ ಕಲೆ ಇವೆರಡೂ ಪೆಟ್ ಸ್ಕ್ಯಾನಿನಲ್ಲಿ ಹೊಳೆಯಬಲ್ಲವು, ನಮ್ಮ ದೇಶದಲ್ಲಿ ಇವೆರಡಕ್ಕೂ ಬರವಿಲ್ಲ. ಪಶ್ಚಿಮ ದೇಶಗಳ ತನಿಖಾ ಕ್ರಮವನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದರೆ ಮೊದಲು ಎಡವುವುದು ಇಲ್ಲಿಯೇ.

ಆ ಪ್ರಕ್ರಿಯೆಯ ನಂತರ ಮೇಷ್ಟ್ರಿಗೆ ಜ್ವರ ಬಂದು ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಸಕ್ಕರೆ ಏರಿತು. ಬಿಡುಗಡೆಯಾಗುವಾಗ ‘ಮೂರು ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡೋಣ’ ಎಂದರಂತೆ. ಮಗಳು ಕೇಳಿದ್ದು ಬೇರೆ: ಹಾಗಾದರೆ ರಕ್ತ ಪರೀಕ್ಷೆ ಸುಳ್ಳೇ?

ದಪ್ಪನೆಯ ಫೈಲು ನನ್ನ ಮೇಜಿಗೆ ಬಂದದ್ದು ಆಗ.

ಎರಡನೆಯ ಪುಟ

ಮೇಷ್ಟ್ರು ಗಣಿತದವರಾದ್ದರಿಂದ ಮಾತು ಲೆಕ್ಕದಿಂದಲೇ ಶುರುವಾಯಿತು. ಇಂಥ ಪರೀಕ್ಷೆಗಳ ಪೈಕಿ ಹೆಚ್ಚು ಅಧ್ಯಯನವಾಗಿರುವುದು ಅಮೆರಿಕದ ಗ್ಯಾಲರಿ ಎಂಬ ಪರೀಕ್ಷೆ. ಅದರ ಪಾತ್‌ಫೈಂಡರ್ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಐವತ್ತು ದಾಟಿದ, ಕ್ಯಾನ್ಸರ್‌ನ ಲಕ್ಷಣಗಳಿಲ್ಲದ 6,621 ಜನರಲ್ಲಿ 92 ಮಂದಿಗೆ ಸಂಕೇತ ಕಂಡಿತು. ಅವರಲ್ಲಿ ಕ್ಯಾನ್ಸರ್ ಇದ್ದದ್ದು 35 ಜನರಿಗೆ, ಉಳಿದ 57 ಮಂದಿಗೆ ಇರಲಿಲ್ಲ. ಅಂದರೆ ಪಾಸಿಟಿವ್ ಬಂದ ಐವರಲ್ಲಿ ಇಬ್ಬರಿಗೆ ಮಾತ್ರ ಕಾಯಿಲೆ. ಕಾಯಿಲೆ ಇಲ್ಲದವರ ವಿಷಯದಲ್ಲಿ ‘ಇಲ್ಲ’ ಎಂದು ತೀರ್ಮಾನಕ್ಕೆ ಬರಲು ಹಿಡಿದ ಮಧ್ಯಮ ಅವಧಿ 162 ದಿನ. ಕಾಯಿಲೆ ಇದ್ದವರಲ್ಲಿ ಅದು 57 ದಿನ. ಇಲ್ಲವೆಂದು ಸಾಬೀತುಪಡಿಸುವುದು ಇದೆಯೆಂದು ತೋರಿಸುವುದಕ್ಕಿಂತ ಯಾವಾಗಲೂ ಕಷ್ಟ.

ಮೇಷ್ಟ್ರು ವರದಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಹತ್ತು ಸಾವಿರ ಜನರಲ್ಲಿ ನೂರು ಮಂದಿಗೆ ಕ್ಯಾನ್ಸರ್ ಇದ್ದು, ಪರೀಕ್ಷೆ ಅರ್ಧದಷ್ಟನ್ನು ಹಿಡಿದರೆ 50 ನಿಜವಾದ ಪಾಸಿಟಿವ್. ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ ಅರ್ಧದಷ್ಟು ತಪ್ಪು ಸಂಕೇತ ಬಂದರೆ ಹತ್ತಿರ ಹತ್ತಿರ 50 ಸುಳ್ಳು ಪಾಸಿಟಿವ್. ಸಮಸಮ. ಕ್ಯಾನ್ಸರ್ ಇರುವವರು ನೂರರ ಬದಲು ನಲವತ್ತೇ ಮಂದಿ ಎಂದರೆ? ನಿಜವಾದದ್ದು 20ಕ್ಕೆ ಇಳಿಯುತ್ತದೆ, ಸುಳ್ಳು 50 ಹಾಗೆಯೇ ಉಳಿಯುತ್ತದೆ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು ನೂರು ಮಂದಿಗೆ ಕ್ಯಾನ್ಸರ್ ಪತ್ತೆಯಾದರೆ ಅಮೆರಿಕದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು. ಪರೀಕ್ಷೆ ಅದೇ, ಯಂತ್ರ ಅದೇ, ಆದರೆ ಇಲ್ಲಿ ಪಾಸಿಟಿವ್ ಎಂಬ ಮಾತಿಗೆ ತೂಕ ಕಡಿಮೆ. ‘ಇದನ್ನು ಹತ್ತನೆಯ ತರಗತಿಯ ಹುಡುಗರಿಗೆ ಸಂಭವನೀಯತೆ ಪಾಠದಲ್ಲಿ ಕೊಡಬಹುದಿತ್ತಲ್ಲ’ ಎಂದರು ಮೇಷ್ಟ್ರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಪತ್ನಿ ಹೇಳಿದರು.

ಲೆಕ್ಕ ಧೈರ್ಯ ಕೊಟ್ಟಿತು, ಉತ್ತರ ಕೊಡಲಿಲ್ಲ. ಐವರಲ್ಲಿ ಮೂವರ ಪಾಲಿಗೆ ಅದು ಸುಳ್ಳು ಎಂದಾದರೂ ಮೇಷ್ಟ್ರು ಆ ಮೂವರಲ್ಲಿ ಒಬ್ಬರೇ ಎಂದು ಹೇಗೆ ಹೇಳುವುದು? ಮಾದರಿ ಕೆಟ್ಟಿತ್ತೇ ಎಂದೂ ಯೋಚಿಸಿದೆ. ರಕ್ತ ಸಾಗಣೆಯಲ್ಲಿ ತಡವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಚೆಲ್ಲುತ್ತದೆ. ಅದನ್ನು ತಡೆಯಲೆಂದೇ ಸಂರಕ್ಷಕ ಹಾಕಿದ ವಿಶೇಷ ನಳಿಕೆಗಳಲ್ಲಿ ರಕ್ತ ತೆಗೆಯುತ್ತಾರೆ. ಒಡೆದಿದ್ದರೂ ಆರೋಗ್ಯವಂತ ಕಣಗಳ ಡಿಎನ್‌ಎ ಗೆಡ್ಡೆಯ ಸಂಕೇತವನ್ನು ತೆಳುವಾಗಿಸೀತೇ ಹೊರತು ಇಲ್ಲದ ಸಂಕೇತವನ್ನು ಹುಟ್ಟಿಸುವುದು ಕಷ್ಟ. ಆ ದಾರಿ ಬಿಟ್ಟೆ.

ಆಮೇಲೆ ವರದಿಯ ಎರಡನೆಯ ಪುಟ ತಿರುವಿದೆ. ಮೀಥೈಲ್ ಗುರುತುಗಳ ವಿನ್ಯಾಸ ನೋಡಿ ಸಂಕೇತ ಯಾವ ಅಂಗದ ಕಡೆಯಿಂದ ಬಂದಿರಬಹುದು ಎಂದು ಇಂಥ ಪರೀಕ್ಷೆಗಳು ಊಹೆಯನ್ನೂ ಕೊಡುತ್ತವೆ. ಈ ವಿಧಾನದ ನಿಜವಾದ ಬಲ ಅದು. 2023ರಲ್ಲಿ ಪ್ರಕಟವಾದ ಮಾನವ ಮೀಥೈಲ್ ನಕ್ಷೆಯೊಂದರಲ್ಲಿ 39 ಬಗೆಯ ಆರೋಗ್ಯವಂತ ಕೋಶಗಳ ಗುರುತುಗಳನ್ನು ದಾಖಲಿಸಲಾಗಿದೆ. ಅಷ್ಟು ಸ್ಪಷ್ಟವಾಗಿ ಒಂದು ಕೋಶ ಇನ್ನೊಂದರಿಂದ ಬೇರೆಯಾಗುತ್ತದೆ. ಮೇಷ್ಟ್ರ ವರದಿಯ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದದ್ದು ‘ಲಿಂಫಾಯ್ಡ್ ಮೂಲ’ ಎಂಬ ಎರಡು ಪದ.

ಶ್ವಾಸಕೋಶ ಎಂದಿರಲಿಲ್ಲ. ಹೊಟ್ಟೆ, ಕರುಳು ಯಾವುದೂ ಅಲ್ಲ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕುಟುಂಬ. ಎದೆಯ ಗ್ರಂಥಿ ಹೊಳೆದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳಲ್ಲಿ ಬೆಳೆಯುವ ಲಿಂಫೋಸೈಟ್ ಕ್ಯಾನ್ಸರ್, ಇರಬಹುದೆಂಬ ಅನುಮಾನವನ್ನು ಸೂಜಿ ಮಾದರಿ ಹೆಚ್ಚುಕಡಿಮೆ ತಳ್ಳಿಹಾಕಿತ್ತು. ಹಾಗಿದ್ದರೆ ಆ ಕುಟುಂಬದ ಕಣಗಳನ್ನು ಹುಡುಕಬೇಕಾದ ಮೊದಲ ಜಾಗ ರಕ್ತವೇ ಅಲ್ಲವೇ?

ಮೇಷ್ಟ್ರಿಗೆ ಎಲ್ಲ ಕಾಗದಗಳನ್ನೂ ಜೋಡಿಸಿಡುವ ಶಿಸ್ತು. ಸಕ್ಕರೆ ಕಾಯಿಲೆಗಾಗಿ ವರ್ಷವರ್ಷ ಮಾಡಿಸಿದ ಸಾಮಾನ್ಯ ರಕ್ತ ತಪಾಸಣೆಯ ವರದಿಗಳನ್ನು ತರಲು ಹೇಳಿದೆ. ಲಿಂಫೋಸೈಟ್‌ಗಳ ಸಂಖ್ಯೆ ಮೂರು ವರ್ಷಗಳ ಹಿಂದೆ ಮೈಕ್ರೋಲೀಟರಿಗೆ 3,400 ಇತ್ತು. ಮರುವರ್ಷ 4,600. ಇತ್ತೀಚಿನದರಲ್ಲಿ 7,900, ಪಕ್ಕದಲ್ಲಿ ಹೆಚ್ಚು ಎಂದು ಸೂಚಿಸುವ ಒಂದು ಅಕ್ಷರ. ಒಂದೊಂದೇ ವರದಿ ನೋಡಿದವರು ನೆಗಡಿಯೋ ಸಣ್ಣ ಸೋಂಕೋ ಎಂದು ಮುಂದೆ ಹೋಗಿದ್ದಾರೆ. ಸಾಲಾಗಿ ಇಟ್ಟು ನೋಡಿದರೆ ಏರುತ್ತಿರುವ ರೇಖೆ ಕಣ್ಣಿಗೆ ಹೊಡೆಯುತ್ತದೆ. ಪೆಟ್ ಸ್ಕ್ಯಾನಿನ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ, ರಕ್ತಕಣಗಳ ಬಗೆಯನ್ನು ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆ ಮಾಡಿಸಿದೆವು. ಲಿಂಫೋಸೈಟ್‌ಗಳಲ್ಲಿ ಬಹುಪಾಲು ಒಂದೇ ತಾಯಿಕೋಶದಿಂದ ಕವಲೊಡೆದವು: ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಮೊದಮೊದಲ ಹಂತ. ಈ ಕಾಯಿಲೆ ಪೆಟ್ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಹೆಚ್ಚು ಹೊಳೆಯುವುದೇ ಇಲ್ಲ.

ಹಾಗಾಗಿ ರಕ್ತ ಪರೀಕ್ಷೆ ಸುಳ್ಳಾಗಿರಲಿಲ್ಲ. ಅದು ದಿಕ್ಕನ್ನೂ ಸರಿಯಾಗಿಯೇ ತೋರಿಸಿತ್ತು.

ಸಿಕ್ಕಿತು, ಮುಂದೇನು

ಲ್ಯುಕೇಮಿಯಾ ಎಂಬ ಪದ ಕೇಳಿ ಮನೆಯಲ್ಲಿ ಮತ್ತೆ ಅಳು. ರಕ್ತಶಾಸ್ತ್ರ ತಜ್ಞರು ಹೇಳಿದ್ದನ್ನು ನಂಬಲು ಮಗಳಿಗೆ ಬಹಳ ಸಮಯ ಹಿಡಿಯಿತು: ಈಗ ಚಿಕಿತ್ಸೆ ಬೇಡ, ನೋಡುತ್ತಾ ಇರೋಣ. ಹಿಮೋಗ್ಲೋಬಿನ್ ಸರಿಯಿತ್ತು, ಪ್ಲೇಟ್‌ಲೆಟ್ ಸರಿಯಿತ್ತು, ಗಂಟುಗಳಿರಲಿಲ್ಲ, ತೂಕ ಇಳಿದಿರಲಿಲ್ಲ. ಕಣಗಳ ಜೀನ್ ಪರೀಕ್ಷೆಯೂ ನಿಧಾನಗತಿಯ ಬಗೆಯದೆಂದೇ ಹೇಳಿತು. ಆರಂಭಿಕ ಹಂತದಲ್ಲಿಯೇ ಔಷಧಿ ಕೊಟ್ಟರೆ ಆಯುಸ್ಸು ಹೆಚ್ಚುವುದಿಲ್ಲ ಎಂದು ಫ್ರಾನ್ಸಿನ ದೊಡ್ಡ ಪ್ರಯೋಗಗಳು 1998ರಲ್ಲೇ ತೋರಿಸಿದ್ದವು. ಹೊಸ ತಲೆಮಾರಿನ ಐಬ್ರುಟಿನಿಬ್ ಔಷಧಿಯನ್ನು ಹೀಗೆ ಬೇಗ ಕೊಟ್ಟು ನೋಡಿದ ಜರ್ಮನ್ ತಂಡದ ಪ್ರಯೋಗದಲ್ಲಿಯೂ ಬದುಕುಳಿಯುವಿಕೆ ಹೆಚ್ಚಲಿಲ್ಲ.

‘ಬೇಗ ಸಿಕ್ಕಿದೆ, ಆದರೂ ಏನೂ ಮಾಡಬೇಡಿ ಎನ್ನುತ್ತೀರಿ. ಹಾಗಾದರೆ ಬೇಗ ಹುಡುಕಿದ್ದೇಕೆ?’ ಮಗಳು ವಿಡಿಯೋ ಕರೆಯಲ್ಲಿ ಕೇಳಿದಳು. ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ಬೇಗ ಪತ್ತೆಯಾಗುವುದೇ ಬೇರೆ, ಅದರಿಂದ ಸಾವು ತಪ್ಪುವುದೇ ಬೇರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆದ ಅಂಡಾಶಯ ಕ್ಯಾನ್ಸರ್ ತಪಾಸಣೆಯ ಅಂತಿಮ ಫಲಿತಾಂಶ 2021ರಲ್ಲಿ ಬಂತು. ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಎರಡನ್ನೂ ಬಳಸಿದ ಗುಂಪಿನಲ್ಲಿ ಆರಂಭಿಕ ಹಂತದ ಕ್ಯಾನ್ಸರ್‌ಗಳು ಹೆಚ್ಚು ಸಿಕ್ಕವು, ಮುಂದುವರಿದ ಹಂತದವು ಕಡಿಮೆಯಾದವು. ಸಾವುಗಳ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 1,40,000 ಜನರನ್ನು ಸೇರಿಸಿಕೊಂಡು 2021ರಲ್ಲಿ ಆರಂಭವಾದ ಗ್ಯಾಲರಿ ಪ್ರಯೋಗವೂ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡದ್ದು ಮುಂದುವರಿದ ಹಂತದ ಕ್ಯಾನ್ಸರ್‌ಗಳು ಇಳಿಯುತ್ತವೆಯೇ ಎಂಬುದನ್ನು, ಸಾವು ಇಳಿಯುತ್ತದೆಯೇ ಎಂಬುದನ್ನಲ್ಲ. ಜಾಹೀರಾತಿನಲ್ಲಿ ಬೇಗ ಪತ್ತೆಯಾಗುವುದು, ಸಾವು ತಪ್ಪುವುದು ಈ ಎರಡರ ನಡುವಿನ ಗೆರೆ ಅಳಿಸಿಹೋಗಿರುತ್ತದೆ.

ಹಾಗೆಂದು ಮೇಷ್ಟ್ರಿಗೆ ಏನೂ ಲಾಭವಾಗಲಿಲ್ಲ ಎಂದೂ ಹೇಳಲಾರೆ. ಈ ಕಾಯಿಲೆಯವರಿಗೆ ಸೋಂಕು ಬೇಗ ತಗಲುತ್ತದೆ. ನ್ಯುಮೋಕಾಕಸ್ ಮತ್ತು ಫ್ಲೂ ಲಸಿಕೆ ಕೊಟ್ಟೆವು. ಜೀವಂತ ವೈರಸ್ ಇರುವ ಲಸಿಕೆಗಳು ಬೇಡ ಎಂದು ಕಾರ್ಡಿನಲ್ಲಿ ಬರೆದೆವು. ಆದರೆ ಇಷ್ಟಕ್ಕೆ ಸಾಮಾನ್ಯ ರಕ್ತ ತಪಾಸಣೆಯನ್ನು ಸರಿಯಾಗಿ ಓದಿದ್ದರೂ ಸಾಕಿತ್ತು.

ನೆಗೆಟಿವ್ ವರದಿಯ ಕಥೆ

ಈ ಎಲ್ಲ ಗದ್ದಲದಲ್ಲಿ ಪತ್ನಿಯ ವರದಿಯನ್ನು ಯಾರೂ ಎತ್ತಿಯೇ ನೋಡಿರಲಿಲ್ಲ. ಹಸಿರು ಚೌಕ, ನೆಮ್ಮದಿ. ಮೇಷ್ಟ್ರ ಮರುಭೇಟಿಯೊಂದರಲ್ಲಿ ಅವರನ್ನೂ ಮಾತನಾಡಿಸಿದೆ. ಈ ವರ್ಷದ ಮ್ಯಾಮೋಗ್ರಾಂ ಆಯಿತೇ ಎಂದು ಕೇಳಿದರೆ, ‘ಅದೆಲ್ಲ ಆ ರಕ್ತ ಪರೀಕ್ಷೆಯಲ್ಲೇ ಬಂತಲ್ಲ ಡಾಕ್ಟ್ರೇ, ಇನ್ನೇಕೆ ಆ ನೋವು’ ಎಂದರು. ಗಡುವು ದಾಟಿ ಐದು ತಿಂಗಳಾಗಿತ್ತು.

ಪಾಸಿಟಿವ್ ಬಂದವರ ಗೋಳು ಎಲ್ಲರಿಗೂ ಕಾಣುತ್ತದೆ. ನೆಗೆಟಿವ್ ಬಂದವರು ಮಾಡದೆ ಬಿಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನನ್ನ ಮಟ್ಟಿಗೆ ಈ ಪರೀಕ್ಷೆಗಳ ದೊಡ್ಡ ಅಪಾಯ ಇರುವುದು ಇಲ್ಲಿ. 2021ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಗ್ಯಾಲರಿ ಪರೀಕ್ಷೆ ನಾಲ್ಕನೆಯ ಹಂತದ ಕ್ಯಾನ್ಸರ್‌ಗಳಲ್ಲಿ ಶೇ 90ರಷ್ಟನ್ನು ಹಿಡಿದಿತ್ತು. ಮೂರನೆಯ ಹಂತದಲ್ಲಿ ಶೇ 77, ಎರಡನೆಯದರಲ್ಲಿ ಶೇ 40. ಮೊದಲ ಹಂತದಲ್ಲಿ ಶೇ 16.8. ಮೊದಲ ಹಂತದ ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ನೂರಕ್ಕೆ ಮೂರೂ ಇಲ್ಲ. ಹಾರ್ಮೋನ್‌ಗೆ ಸ್ಪಂದಿಸುವ ಸಣ್ಣ ಸ್ತನ ಗೆಡ್ಡೆಗಳು ರಕ್ತಕ್ಕೆ ಡಿಎನ್‌ಎ ಉದುರಿಸುವುದು ತೀರಾ ಕಡಿಮೆ. ಯಾವ ಹಂತದಲ್ಲಿ ಸಿಕ್ಕರೆ ನಿಜವಾಗಿ ಉಪಯೋಗವೋ ಅದೇ ಹಂತದಲ್ಲಿ ಪರೀಕ್ಷೆಯ ಕಣ್ಣು ಮಂಜು.

ಈ ಬಗೆಯ ನಿರಾಶೆ ಹೊಸದೇನಲ್ಲ. ರಕ್ತದಲ್ಲಿ ಸೆಪ್ಟ್‌9 ಎಂಬ ಜೀನ್‌ನ ಮೀಥೈಲ್ ಗುರುತು ನೋಡಿ ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಹಚ್ಚುವ ಪರೀಕ್ಷೆಗೆ ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಲಕ್ಷಣಗಳಿಲ್ಲದ ಸುಮಾರು ಎಂಟು ಸಾವಿರ ಜನರನ್ನು ಸೇರಿಸಿಕೊಂಡ ಅಧ್ಯಯನದಲ್ಲಿ ಅದು ಹಿಡಿದದ್ದು ಅರ್ಧಕ್ಕಿಂತ ಕಡಿಮೆ ಕ್ಯಾನ್ಸರ್‌ಗಳನ್ನು. ಆಸ್ಪತ್ರೆಗೆ ದಾಖಲಾದ ರೋಗಿಗಳ ರಕ್ತದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಸಂತೆಯಲ್ಲಿ ಓಡಾಡುವವರ ರಕ್ತದಲ್ಲಿ ಮುಗ್ಗರಿಸುತ್ತದೆ. ಅದರ ನಂತರದ ಪೀಳಿಗೆ ಉತ್ತಮವಾಗಿದೆ ಎಂಬುದನ್ನೂ ಹೇಳಬೇಕು. ಮೀಥೈಲ್ ಜೊತೆಗೆ ಇತರ ಗುರುತುಗಳನ್ನೂ ಓದುವ ಶೀಲ್ಡ್ ಎಂಬ ಪರೀಕ್ಷೆ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 83ರಷ್ಟು ಕರುಳಿನ ಕ್ಯಾನ್ಸರ್‌ಗಳನ್ನು ಗುರುತಿಸಿತು. ಕ್ಯಾನ್ಸರ್ ಆಗುವುದಕ್ಕೆ ಮುಂಚಿನ ಗಂಟುಗಳಲ್ಲಿ ಮಾತ್ರ ಶೇ 13. ಕರುಳಿನೊಳಗೆ ಕೊಳವೆ ಇಳಿಸಿ ನೋಡುವ ಕೊಲೊನೋಸ್ಕೋಪಿ ಹುಡುಕಿ ಕಿತ್ತುಹಾಕುವುದು ಆ ಗಂಟುಗಳನ್ನೇ.

ಪತ್ನಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮೇಷ್ಟ್ರೇ ನೆರವಿಗೆ ಬಂದರು. ಮೇಲಿನ ಅಂಕಿಗಳನ್ನು ನೋಡಿ, ‘ನೂರು ಪ್ರಶ್ನೆಗೆ ಮೂರು ಸರಿ ಮಾಡಿದವನು ನಿನ್ನನ್ನು ಪಾಸ್ ಮಾಡಿದ್ದಾನೆ, ಅವನ ಮಾತು ನಂಬುತ್ತೀಯಾ?’ ಎಂದು ಹೆಂಡತಿಯನ್ನು ಕೇಳಿದರು. ಅದು ಕೆಲಸ ಮಾಡಿತು.

ಮ್ಯಾಮೋಗ್ರಾಂನಲ್ಲಿ ಎಡ ಸ್ತನದಲ್ಲಿ 11 ಮಿಲಿಮೀಟರ್ ಗಾತ್ರದ, ಅಂಚು ಮುಳ್ಳುಮುಳ್ಳಾದ ಗಂಟು. ಕೈಗೆ ಸಿಗುವಂಥದ್ದಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಯಿತು. ಹಾರ್ಮೋನ್‌ಗೆ ಸ್ಪಂದಿಸುವ ಬಗೆ, ಕಂಕುಳ ಗ್ರಂಥಿಗೆ ಹರಡಿರಲಿಲ್ಲ. ಗಂಟನ್ನಷ್ಟೇ ತೆಗೆದು ಸ್ತನ ಉಳಿಸಿದರು. ವಿಕಿರಣ ಚಿಕಿತ್ಸೆ ಮುಗಿದಿದೆ, ಈಗ ದಿನಕ್ಕೊಂದು ಲೆಟ್ರೋಝೋಲ್ ಮಾತ್ರೆ. ಕಿಮೋಥೆರಪಿಯ ಅಗತ್ಯ ಬೀಳಲಿಲ್ಲ. ಆನುವಂಶಿಕ ಜೀನ್ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ, ಮಗಳ ಹಳೆಯ ಗೊಂದಲಕ್ಕೂ ಅಲ್ಲಿಗೆ ಉತ್ತರ ಸಿಕ್ಕಿತು. ಐದು ತಿಂಗಳ ವಿಳಂಬ ಈ ಸಲ ಕೈ ಕೊಡಲಿಲ್ಲ. ಇನ್ನೊಂದು ವರ್ಷ ಆ ಹಸಿರು ಚೌಕವನ್ನೇ ನೆಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ನನಗೆ ಇಷ್ಟವಿಲ್ಲ.

ಮ್ಯಾಮೋಗ್ರಾಂ ಸೌಲಭ್ಯವಿಲ್ಲದ ಊರಿನವರು ಏನು ಮಾಡಬೇಕು ಎಂದು ಈ ಪ್ರಕರಣ ಕೇಳಿದ ಸ್ನೇಹಿತರೊಬ್ಬರು ಪ್ರಶ್ನಿಸಿದರು. ಮುಂಬೈಯಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಪ್ರಯೋಗವೊಂದಿದೆ, 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸಾವಿನ ಇಳಿಕೆ ಖಚಿತವೆನ್ನುವಷ್ಟಿರಲಿಲ್ಲ, ಐವತ್ತು ದಾಟಿದವರಲ್ಲಿ ಮಾತ್ರ ಸುಮಾರು ಶೇ 30ರಷ್ಟು ಇಳಿಯಿತು. ಈ ಕೈ ಪರೀಕ್ಷೆ ಸರ್ಕಾರಿ ಕಾರ್ಯಕ್ರಮದಡಿ ಮೂವತ್ತು ದಾಟಿದ ಮಹಿಳೆಯರಿಗೆ ಉಚಿತವಾಗಿ ಸಿಗಬೇಕು. ಕೇಳುವವರು ಬೇಕು.

ನಿರ್ಧಾರಗಳ ಬಗ್ಗೆ

ವೈದ್ಯ ಮಿತ್ರರೊಡನೆ ಈ ಪ್ರಕರಣ ಚರ್ಚಿಸುವಾಗ ನಾನು ಒತ್ತಿ ಹೇಳುವುದು ತನಿಖೆಯ ಸರತಿಯನ್ನು. ಪಾಸಿಟಿವ್ ಬಂದಾಗ ಮೊದಲು ಓದಬೇಕಾದದ್ದು ಸಂಕೇತದ ಮೂಲ. ಆಮೇಲೆ ರೋಗಿಯ ಹಳೆಯ ಕಾಗದಗಳು. ಆಮೇಲೆ ಆ ಅಂಗಕ್ಕೆ ತಕ್ಕ, ಆದಷ್ಟು ಸರಳವಾದ ಪರೀಕ್ಷೆ. ಇಡೀ ದೇಹದ ಸ್ಕ್ಯಾನ್ ಕೊನೆಯಲ್ಲಿ, ಬೇಕಿದ್ದರೆ ಮಾತ್ರ. ಮೇಷ್ಟ್ರ ವಿಷಯದಲ್ಲಿ ಇದು ತಿರುಗುಮುರುಗಾಗಿ, ಬೇಡದ ಸೂಜಿ, ಜ್ವರ, ಆಸ್ಪತ್ರೆವಾಸ ಎಲ್ಲ ಬಂದವು. ವರದಿ ರೋಗಿಯ ಕೈಗೆ ನೇರವಾಗಿ ಸೇರುವ ಬದಲು ಅದನ್ನು ಓದಿ ಹೇಳಬಲ್ಲ ವೈದ್ಯರ ಮೂಲಕ ಸೇರಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಮಾಡಿಸುವ ಮುನ್ನವೇ ಕುಟುಂಬ ಕೂತು ಎರಡು ಪ್ರಶ್ನೆಗಳನ್ನು ಚರ್ಚಿಸಬೇಕಿತ್ತು: ಪಾಸಿಟಿವ್ ಬಂದರೆ ಯಾರ ಬಳಿ ಹೋಗುತ್ತೇವೆ? ನೆಗೆಟಿವ್ ಬಂದರೆ ಯಾವ ತಪಾಸಣೆಗಳನ್ನು ಬಿಡದೆ ಮುಂದುವರಿಸುತ್ತೇವೆ?

ವಿಜ್ಞಾನದ ಬಗ್ಗೆ ನನಗೆ ತಾತ್ಸಾರವಿಲ್ಲ. ಎರಡು ನಳಿಕೆ ರಕ್ತದಲ್ಲಿ ತೇಲುವ ಹರಕು ತುಂಡುಗಳನ್ನು ಓದಿ ‘ಇದು ಲಿಂಫೋಸೈಟ್ ಮನೆಯದು’ ಎಂದು ಹೇಳಿದ್ದು ಸಣ್ಣ ಮಾತಲ್ಲ. ಮೇದೋಜೀರಕ ಗ್ರಂಥಿಯಂಥ, ಬೇರೆ ದಾರಿಯೇ ಇಲ್ಲದ ಅಂಗಗಳಿಗೆ ಮುಂದೊಂದು ದಿನ ಇದೇ ದಾರಿಯಾದೀತು.

ಕಳೆದ ತಿಂಗಳು ಮಗಳು ಮತ್ತೆ ಫೋನ್ ಮಾಡಿದ್ದಳು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿದರೆ ಒಳ್ಳೆಯದು ಎಂದು ಸಂಸ್ಥೆಯಿಂದ ನೆನಪೋಲೆ ಬಂದಿತ್ತಂತೆ, ಇಬ್ಬರಿಗೂ ಕಾಯ್ದಿರಿಸಲೇ ಎಂದು ಕೇಳಿದಳು. ಅಪ್ಪನ ರಕ್ತದಲ್ಲಿ ಲ್ಯುಕೇಮಿಯಾ ಕಣಗಳು ಇರುವವರೆಗೂ ಈ ಪರೀಕ್ಷೆ ಪ್ರತಿ ಸಲವೂ ಪಾಸಿಟಿವ್ ಬರುವ ಸಾಧ್ಯತೆಯೇ ಹೆಚ್ಚು, ಆ ಸದ್ದಿನಲ್ಲಿ ಬೇರೊಂದು ಗೆಡ್ಡೆಯ ಸಣ್ಣ ಸಂಕೇತ ಕೇಳಿಸುವುದೂ ಇಲ್ಲ ಎಂದೆ. ಅಮ್ಮ ಈಗಷ್ಟೇ ಕ್ಯಾನ್ಸರ್ ಚಿಕಿತ್ಸೆ ಪಡೆದವರು, ಇಂಥ ಪರೀಕ್ಷೆಯನ್ನು ರೂಪಿಸಿರುವುದು ಅಂಥವರಿಗಲ್ಲ. ಅವಳು ಕಾಯ್ದಿರಿಸಲಿಲ್ಲ. ಅಪ್ಪನಿಗೆ ಆರು ತಿಂಗಳಿಗೊಮ್ಮೆ ಸಾಮಾನ್ಯ ರಕ್ತ ತಪಾಸಣೆ, ಅಮ್ಮನಿಗೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ. ಎರಡರ ದಿನಾಂಕವನ್ನೂ ಮೇಷ್ಟ್ರು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.